ರುಚಿ ನೋಡಿ ತಂದ ಹೂವು

ಗೋಡೆಯಾಚೆಯ ಗೆಳತಿ ರೇಣುಕಾ,

ಇವತ್ತು ಭಾನುವಾರ. ಬೆಳಗಿನ ಚಹಾ ಹಿಡಿದುಕೊಂಡು ಅಂಗಳದ ಗೋಡೆಯ ಹತ್ತಿರ ಬಂದೆ. ಕಾಲು ತಾನಾಗಿ ಬರುತ್ತದೆ, ಏನು ಮಾಡಲಿ? ನಿಮ್ಮ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಇರುವ ಈ ಎದೆಮಟ್ಟದ ಗೋಡೆಯ ಮೇಲೆ ಎಷ್ಟು ವರ್ಷ ನಮ್ಮ ಲೋಟಗಳು ಎದುರುಬದುರು ಕೂತವು. ನಿನ್ನ ಕಡೆ ಈಗ ಲೋಟವಿಲ್ಲ. ನನ್ನದನ್ನು ಇಟ್ಟು ಸ್ವಲ್ಪ ಹೊತ್ತು ನಿಂತೆ. ಹೇಳುವುದು ಬಹಳ ಕೂಡಿಬಿಟ್ಟಿದೆ. ನಿನಗೆ ಮುಟ್ಟುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಕೂತರೆ ಬರೆಯುವುದೇ ಆಗುವುದಿಲ್ಲ. ಅದಕ್ಕೇ ಬರೆದುಬಿಡುತ್ತೇನೆ.

ಆ ಮಧ್ಯಾಹ್ನ ನೆನಪಿದೆಯೇ? ಆಸ್ಪತ್ರೆಯಲ್ಲಿ ನಿನಗೆ ಕೀಮೋ ಹಾಕಿಸಿ, ನಿನ್ನ ಗಂಡ ಬಸವರಾಜಣ್ಣ ಆಟೋ ತರಲು ಹೊರಗೆ ಹೋಗಿದ್ದ. ನಾವಿಬ್ಬರೂ ಕಬ್ಬಿಣದ ಕುರ್ಚಿಗಳ ಮೇಲೆ ಕೂತಿದ್ದೆವು. ಗೋಡೆಯ ಟಿವಿಯಲ್ಲಿ ಸದ್ದಿಲ್ಲದೆ ಒಂದು ಹಕ್ಕಿಯ ಚಿತ್ರ ಓಡುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ, ಹೂವಿನ ಮುಂದೆ ಗಾಳಿಯಲ್ಲೇ ನಿಂತು ಕೊಕ್ಕು ಇಳಿಸಿತ್ತು. ಅಲ್ಲಿಯವರೆಗೆ ವಾಂತಿ ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದವಳು ನೀನು, ಸೆರಗು ತೆಗೆದೆ. ಇದು ಯಾವ ಹಕ್ಕಿ ಎಂದು ಕೇಳಿದೆ. ಹಮ್ಮಿಂಗ್ ಬರ್ಡ್, ಅಮೆರಿಕದ ಕಡೆಯದು, ನಮ್ಮ ದೇಶದಲ್ಲೇ ಇಲ್ಲ ಎಂದೆ ನಾನು. ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳಲ್ಲವೇ, ಪಾಠದ ದನಿಯಲ್ಲೇ ಹೇಳಿರಬೇಕು.

ನೀನು ಕೇಳುವವಳೇ? “ಅದು ಬರಂಗಿಲ್ಲಂದ್ರ ಬಿಡು ಟೀಚರಮ್ಮಾ. ಅದರ ತಂಗಿ ಅಂತ ಯಾರರ ಈ ಕಡಿ ಇರಬೇಕಲ್ಲ?” ಎಂದೆ.

ಇದ್ದಳು. ಸೂರಕ್ಕಿ. ಗುಬ್ಬಿಗಿಂತ ಸಣ್ಣದು, ಬಾಗಿದ ಕೊಕ್ಕು, ಹೂವಿನ ಜೇನು ಕುಡಿದು ಬದುಕುವ ಹಕ್ಕಿ. ಮರುದಿನ ನಾನು ಹೇಳಿದಾಗ ನಿನಗೆ ತಟ್ಟನೆ ಗುರುತು ಹತ್ತಿತು. ಕುರುಗೋಡಿನ ನಿನ್ನ ತವರಿನ ಹಿತ್ತಲಲ್ಲಿ, ದಾಸವಾಳದ ಗಿಡದಲ್ಲಿ, ಅದನ್ನು ನೋಡುತ್ತಲೇ ಬೆಳೆದವಳು ನೀನು. ಹೆಸರು ಗೊತ್ತಿರಲಿಲ್ಲ ಅಷ್ಟೇ. ಬಳ್ಳಾರಿಗೆ ಮದುವೆಯಾಗಿ ಬಂದ ಮೇಲೆ ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ ಎಂದೆ. ಬೀಳುವುದೆಲ್ಲಿಂದ? ನಿಮ್ಮ ಅಂಗಳದಲ್ಲಿ ಒಂದು ತುಳಸಿ, ಒಂದು ಸ್ಕೂಟರ್, ಉಳಿದದ್ದು ಕೆಂಪು ದೂಳು.

ಆಮೇಲೆ ನರ್ಸರಿಗೆ ಹೋದ ದಿನ. ನೆನೆದರೆ ನಗು ಬರುತ್ತದೆ. ಸಿರುಗುಪ್ಪ ರಸ್ತೆಯ ಆ ನರ್ಸರಿಯವನು ಒಂದೇ ಸಮ ದೊಡ್ಡ ಹೂವುಗಳನ್ನು ತೋರಿಸಿದ. ಗುಲಾಬಿ, ಮುದ್ದೆಮುದ್ದೆಯಾದ ಡಬಲ್ ದಾಸವಾಳ. ಡಬಲ್ ಹೂವಿನಲ್ಲಿ ಎಸಳು ಎಷ್ಟು ಕಿಕ್ಕಿರಿದಿರುತ್ತವೆ ಎಂದರೆ ಹಕ್ಕಿಯ ಕೊಕ್ಕು ಬುಡಕ್ಕೆ ಇಳಿಯುವುದಿಲ್ಲ, ಕೊಳವೆಯಂಥ ಹೂವು ಬೇಕು, ಕೂರಲು ಗಟ್ಟಿ ಕಡ್ಡಿಯೂ ಬೇಕು ಎಂದು ನಾನು ಓದಿಕೊಂಡು ಬಂದದ್ದನ್ನು ಹೇಳುತ್ತಿದ್ದೆ. ಅಷ್ಟರಲ್ಲಿ ನೀನು ಒಂದೊಂದೇ ಹೂವು ಕಿತ್ತು, ತೊಟ್ಟು ಮುರಿದು, ಬುಡ ಚೀಪಲು ಶುರು ಮಾಡಿದ್ದೆ. ಸಣ್ಣವಳಿದ್ದಾಗಿನ ಚಾಳಿ. ಚೀಪುವುದು, “ಸಪ್ಪಗೈತಿ” ಎಂದು ಉಗುಳುವುದು, ಮುಂದಿನ ಗಿಡಕ್ಕೆ ಹೋಗುವುದು. ಕಣಗಿಲೆಗೆ ಕೈ ಹಾಕಿದಾಗ ನಾನು ಓಡಿಬಂದು ಕೈ ಹಿಡಿದೆ. ವಿಷ ಅದು ಎಂದೆ. ನೀನು ನನ್ನ ಮುಖ ನೋಡಿ, “ಅದಕ್ಕಿಂತ ದೊಡ್ಡ ವಿಷ ಮೈಯಾಗ ಬಿಟ್ಟಾರ ಬಿಡು” ಎಂದೆ. ನರ್ಸರಿಯವನು ತಲೆ ತಗ್ಗಿಸಿಕೊಂಡು ಗಿಡಕ್ಕೆ ನೀರು ಹಾಕತೊಡಗಿದ.

ಮೂಲೆಯಲ್ಲಿ ಹಮೇಲಿಯಾ ಇತ್ತು. ಗೊಂಚಲು ಗೊಂಚಲು ಕೆಂಪು ಹೂವು, ಬೆಂಕಿಕಡ್ಡಿಗಿಂತ ಸಣ್ಣ ಕೊಳವೆಗಳು. ನೀನು ಒಂದನ್ನು ಚೀಪಿದೆ. ಉಗುಳಲಿಲ್ಲ. ಇನ್ನೊಂದನ್ನು ಚೀಪಿದೆ. ಕಣ್ಣು ಮುಚ್ಚಿಕೊಂಡು ನಿಂತೆ. ಔಷಧಿಯಿಂದ ನಿನ್ನ ನಾಲಿಗೆ ಸತ್ತುಹೋಗಿ ಆಗ ಎಷ್ಟು ದಿನವಾಗಿತ್ತು? ಅನ್ನ ಮಣ್ಣಿನ ಹಾಗೆ, ಹಾಲು ಸುಣ್ಣದ ಹಾಗೆ ಎನ್ನುತ್ತಿದ್ದೆ. ನಾನು ಮಾಡಿ ತಂದ ಹೋಳಿಗೆಯನ್ನು ನನಗೆ ಬೇಸರವಾಗಬಾರದೆಂದು ನುಂಗಿದವಳು ನೀನು.

“ಗಿರಿಜಾ, ಸಿಹಿ ಗೊತ್ತಾತಲೇ” ಎಂದೆ. ಅಷ್ಟೇ. ಅಷ್ಟು ಮೆಲ್ಲಗೆ ನೀನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಹಮೇಲಿಯಾ ಬಂತು, ಅದರ ಜೊತೆ ರತ್ನಗಂಧಿ ಬಂತು. ದಾಸವಾಳ ಮಾತ್ರ ನರ್ಸರಿಯದು ಬೇಡ, ಐದೆಸಳಿನ ನಮ್ಮವ್ವನ ದಾಸವಾಳವೇ ಬೇಕು ಎಂದು ನೀನು ಹಟ ಹಿಡಿದೆ. ಬಸ್ಸಿನಲ್ಲಿ ಹೋಗುವ ಶಕ್ತಿ ನಿನಗೆ ಇರಲಿಲ್ಲ. ನಾನೊಬ್ಬಳೇ ಕುರುಗೋಡಿಗೆ ಹೋದೆ. ಬಂಡೆಗುಡ್ಡದ ಕೆಳಗಿನ ನಿಮ್ಮ ಮನೆಯಲ್ಲಿ ನಿಮ್ಮವ್ವ ಗೌರವ್ವ ಟೊಂಗೆ ಕಡಿದು, ಬುಡಕ್ಕೆ ಹಸಿ ಬಟ್ಟೆ ಸುತ್ತಿ, ಮಡಿಲಲ್ಲಿ ಕೂಸನ್ನು ಇಟ್ಟ ಹಾಗೆ ನನ್ನ ಮಡಿಲಿಗೆ ಇಟ್ಟಳು. ನಿನ್ನ ಬಗ್ಗೆ ಒಂದೇ ಪ್ರಶ್ನೆ ಕೇಳಿದಳು, ಉಣ್ಣುತ್ತಾಳೇನು ಎಂದು. ನಾನು ಹೌದೆಂದೆ. ಬೇರೇನು ಹೇಳುವುದಿತ್ತು?

ಮುಂಗಾರಿನಲ್ಲಿ ನೆಟ್ಟೆವು. ನಲ್ಲಿ ನೀರು ಬರುವುದೇ ಅಪರೂಪ, ಅಕ್ಕಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು ಎಲ್ಲ ನಿನ್ನ ಗಿಡಗಳಿಗೆ ಹೋಯಿತು. ಬ್ರೂಸ್‌ಪೇಟೆಯ ಸಂದಿಯ ತನ್ನ ಜೀನ್ಸ್ ಹೊಲಿಗೆಯ ಶೆಡ್ಡಿನಿಂದ ಸಂಜೆ ದಣಿದು ಬರುವ ಬಸವರಾಜಣ್ಣ, ಮಲಗಬೇಕಾದವಳು ಮಣ್ಣಿನಲ್ಲಿ ಕೂತಿರುತ್ತೀಯಲ್ಲ ಎಂದು ಗೊಣಗುತ್ತಿದ್ದ. ಗಿಡಗಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ನೀನು ಹಮೇಲಿಯಾದ ಒಂದು ಕಡ್ಡಿ ಮುರಿದು ನಮ್ಮ ಕಡೆಯೂ ಊರಿಸಿದೆ. ಹಕ್ಕಿಗೆ ಗೋಡೆ ಎಲ್ಲಿದೆ ಎಂದೆ.

ದೀಪಾವಳಿಯ ಹೊತ್ತಿಗೆ ಅದು ಬಂತು. ಹೊಟ್ಟೆ ತಿಳಿ ಹಳದಿ, ಗಂಟಲಿನಿಂದ ಎದೆಯವರೆಗೆ ಒಂದು ಕಪ್ಪು ಗೆರೆ, ಯಾರೋ ಮಸಿ ಅದ್ದಿದ ಕಡ್ಡಿಯಿಂದ ಎಳೆದ ಹಾಗೆ. ಗಂಡು ಅದು ಎಂದು ನಾನು ಹೇಳಿದ್ದೇ ತಪ್ಪಾಯಿತು. ದಿನಾ ಬರುತ್ತದೆ, ಕುಡಿಯುತ್ತದೆ, ಹೋಗುತ್ತದೆ, ಥೇಟ್ ಗಂಡಸರ ಹಾಗೆ ಎಂದು ನೀನು ಬೈದೆ. ಹೆಣ್ಣು ಬಂದು ಗೂಡು ಕಟ್ಟಿದರೆ ಮಾತ್ರ ಇದು ಮನೆ ಎಂದೆ. ಮಕ್ಕಳಿಲ್ಲದ ಮನೆ ಎಂದು ನಿನಗೆ ಎಷ್ಟು ಜನ ಎಷ್ಟು ಥರ ಹೇಳಿದ್ದರು, ನೀನು ಯಾರೆದುರೂ ತುಟಿ ಬಿಚ್ಚಿದವಳಲ್ಲ. ಆವತ್ತು ಆ ಮಾತು ಹೇಳುವಾಗ ಮಾತ್ರ ನೀನು ನನ್ನ ಕಡೆ ನೋಡಲಿಲ್ಲ...

ಸಂಕ್ರಾಂತಿ ಕಳೆಯಿತು. ನಿನ್ನನ್ನು ಮತ್ತೆ ಆಸ್ಪತ್ರೆಗೆ ಒಯ್ದರು. ಆಟೋ ಹತ್ತುವಾಗ ನನ್ನ ಕೈ ಹಿಡಿದು, ಗಿಡಕ್ಕೆ ನೀರು ಹಾಕು ಎಂದೆಯೇ ಹೊರತು ಮತ್ತೇನೂ ಅನ್ನಲಿಲ್ಲ. ಅದಾದ ಮೇಲಿನದು ನಿನಗೆ ಗೊತ್ತು. ನನಗೆ ಬರೆಯಲು ಆಗುವುದಿಲ್ಲ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲದ್ದು. ಸಿಟ್ಟಾಗಬೇಡ. ನಿನ್ನ ಕಾರ್ಯ ಮುಗಿದ ಮೇಲೆ, ಒಂದು ಸಂಜೆ ನಾನು ಸಿರುಗುಪ್ಪದಿಂದ ಬಂದು ಬಸ್ಸಿಳಿದು ಮನೆಗೆ ಬಂದರೆ ನಿಮ್ಮ ಅಂಗಳದ ತುಂಬ ಕಡಪಾ ಕಲ್ಲು ಹಾಸಿತ್ತು. ಆಳುಗಳು ಗಿಡಗಳನ್ನು ಬುಡಸಮೇತ ಕಿತ್ತು ಬೀದಿಯ ಬದಿಗೆ ಒಟ್ಟಿದ್ದರು. ಹಮೇಲಿಯಾದ ಹೂವು ಇನ್ನೂ ಬಾಡಿರಲಿಲ್ಲ. ನಾನು ಗೋಡೆಯ ಹತ್ತಿರ ಹೋಗಿ, ಹೀಗೇಕೆ ಮಾಡಿದೆ ಬಸವರಾಜಣ್ಣಾ ಎಂದು ಕೇಳಿದೆ. ಅವನು ಕಲ್ಲಿನ ಮೇಲೆ ನೀರು ಹೊಯ್ದು ಸಿಮೆಂಟು ತೊಳೆಯುತ್ತಿದ್ದ.

“ನೋಡಾಕ ಆಗವಲ್ದು ಅಕ್ಕಾರ. ಬೆಳಿಗ್ಗೆ ಬಾಗಲಾ ತಗದ್ರ, ಅಕಿ ಅಲ್ಲೇ ಕುಂತಂಗ ಆಗತೈತಿ” ಎಂದ.

ನಾನು ನೋಡಬೇಕು ಎಂದುಕೊಂಡದ್ದನ್ನು ಅವನು ನೋಡಲಾರ. ಇಬ್ಬರದೂ ಒಂದೇ ದುಃಖವಲ್ಲವೇ? ಆದರೂ ಆಮೇಲೆ ಬಹಳ ದಿನ ನಾವು ಮಾತಾಡಲಿಲ್ಲ. ಅವನು ಗೇಟು ಹಾಕಿಕೊಂಡು ಹೋಗುತ್ತಿದ್ದ, ಬಂದು ಮತ್ತೆ ಹಾಕಿಕೊಳ್ಳುತ್ತಿದ್ದ. ಕುರುಗೋಡಿಗೆ ಫೋನು ಕೂಡ ಮಾಡುತ್ತಿರಲಿಲ್ಲವಂತೆ. ನಿಮ್ಮವ್ವನೂ ಆ ಮನೆಗೆ ಕಾಲಿಡಲಾರೆ ಎಂದು ಅಲ್ಲೇ ಉಳಿದಳು.

ಹೋಳಿಯ ಸುಮಾರಿಗೆ ಒಂದು ಬೆಳಿಗ್ಗೆ ಟಕ್ ಟಕ್ ಎಂದು ಸದ್ದು. ಗೋಡೆಯ ಮೇಲಿಂದ ಇಣುಕಿದೆ. ನಿನ್ನ ಸ್ಕೂಟರಿನ ಕನ್ನಡಿಯ ಮೇಲೆ ನಮ್ಮ ಹಕ್ಕಿ! ರೇಣುಕಾ, ನೀನು ಅವನನ್ನು ಹಳೆಯ ಅಂಗಿಯಲ್ಲಿ ಮಾತ್ರ ನೋಡಿದವಳು. ಈಗ ಆ ಹಳದಿಯೂ ಇಲ್ಲ, ಗೆರೆಯೂ ಇಲ್ಲ, ಮೈಯೆಲ್ಲ ಕಪ್ಪು. ಬಿಸಿಲು ಬಿದ್ದ ಕಡೆ ಕಪ್ಪಲ್ಲ, ಇಳಕಲ್ ಸೀರೆಯ ರೇಷ್ಮೆ ಸೆರಗು ಅತ್ತಿತ್ತ ಆಡಿಸಿದರೆ ಬಣ್ಣ ತಿರುಗುತ್ತದಲ್ಲ, ಹಾಗೆ ನೀಲಿ, ನೇರಳೆ, ಹಸಿರು. ಹೆಣ್ಣನ್ನು ಕರೆಯುವ ಕಾಲದಲ್ಲಿ ಗಂಡು ಹೀಗೆ ಬಣ್ಣ ತಾಳುತ್ತದೆ. ಕನ್ನಡಿಯೊಳಗಿನ ಹಕ್ಕಿಯನ್ನು ವೈರಿ ಎಂದುಕೊಂಡು ಕುಕ್ಕುತ್ತಿದ್ದ. ದಣಿದಾಗ ಹಾರಿ, ಹಮೇಲಿಯಾ ಇದ್ದ ಜಾಗದ ಮೇಲೆ ಒಂದು ಸುತ್ತು ಸುತ್ತಿ, ಅಲ್ಲಿ ಕೂರಲು ಏನೂ ಇಲ್ಲದೆ, ಮತ್ತೆ ಕನ್ನಡಿಗೆ ಬರುತ್ತಿದ್ದ.

ಬಾಗಿಲ ಮೆಟ್ಟಿಲ ಮೇಲೆ ಬಸವರಾಜಣ್ಣ ಕೂತಿದ್ದ. ಕೆಲಸಕ್ಕೆ ಹೊರಟವನು, ಊಟದ ಡಬ್ಬಿ ಕೈಯಲ್ಲೇ ಇತ್ತು. ನನ್ನನ್ನು ನೋಡಲಿಲ್ಲ. ಹಕ್ಕಿ ಬರಿಯ ಕಲ್ಲಿನ ಮೇಲೆ ಸುತ್ತುವುದನ್ನೇ ನೋಡುತ್ತಿದ್ದ. ಮರುದಿನವೂ ಹಾಗೇ ಕೂತ. ಅದರ ಮಾರನೆಯ ದಿನ ಗೇಟು ದಾಟಿ ನಮ್ಮ ಬಾಗಿಲಿಗೆ ಬಂದ. ನೀನು ಹೋದ ಮೇಲೆ ಮೊದಲ ಸಲ. ಬಾ ಎಂದರೂ ಒಳಗೆ ಬರಲಿಲ್ಲ.

“ಅಕ್ಕಾರ, ಆ ಕೆಂಪು ಹೂವಿನ ಗಿಡಕ್ಕ ಏನಂತಾರ್ರಿ?” ಎಂದ.

ಹಮೇಲಿಯಾ ಎಂದೆ. ಒಂದು ಸಲ ಬಾಯಲ್ಲಿ ಅಂದುಕೊಂಡ. ಅವಳು ಇದನ್ನೇ ಯಾಕೆ ಆರಿಸಿದಳು ಎಂದು ಕೇಳಿದ. ನಾನು ನರ್ಸರಿಯ ಕಥೆಯೆಲ್ಲ ಹೇಳಿದೆ. ನೀನು ಚೀಪಿದ್ದು, ಉಗುಳಿದ್ದು, ಕಣ್ಣು ಮುಚ್ಚಿಕೊಂಡು ನಿಂತದ್ದು. ನೀನು ಅವನಿಗೆ ಇದನ್ನು ಹೇಳಿಯೇ ಇರಲಿಲ್ಲವಂತೆ. ಯಾಕೆ ಹೇಳಲಿಲ್ಲ? ನಿನ್ನ ನಾಲಿಗೆ ಸತ್ತಿತ್ತೆಂಬುದನ್ನೂ ಅವನಿಂದ ಮುಚ್ಚಿಟ್ಟಿದ್ದೆಯಾ? ಅವನು ಚೌಕಟ್ಟು ಹಿಡಿದುಕೊಂಡು ಅತ್ತ. ಗಂಡಸು ಅಳುವಾಗ ಎಲ್ಲಿ ನೋಡಬೇಕೋ ತಿಳಿಯದೆ ನಾನು ಒಳಗೆ ಹೋಗಿ ನೀರು ತಂದೆ.

ಆ ಭಾನುವಾರ ಅವನೇ ಹಾರೆ ತಂದು ಗೋಡೆಯ ಪಕ್ಕದ ಕಲ್ಲುಗಳನ್ನು ಎಬ್ಬಿಸಿದ. ಕಲ್ಲಿನ ಕೆಳಗೆ ಹಮೇಲಿಯಾದ ಒಂದು ಬೇರು ಉಳಿದು ಬಿಳಿಚಿದ ಕುಡಿ ಒಡೆದಿತ್ತು, ಬೆಳಕು ಕಾಣದೆ ಸೊಟ್ಟಗೆ ಹರಿದಾಡಿತ್ತು. ಅದಕ್ಕೆ ಹೊಸ ಮಣ್ಣು ಹಾಕಿದೆವು. ಅದು ಹೂ ಬಿಡುವವರೆಗೆ ನಮ್ಮ ಕಡೆಯ ಗಿಡ ಗೋಡೆಯ ಮೇಲೆ ಬಾಗಿ ಹಕ್ಕಿಗೆ ಉಣಬಡಿಸಿತು. ಸ್ಕೂಟರಿನ ಕನ್ನಡಿಗೆ ಬಸವರಾಜಣ್ಣ ಒಂದು ಬಟ್ಟೆಚೀಲ ತೊಡಿಸಿದ, ಪಾಪ ಸುಮ್ಮನೆ ಬಡಿದಾಡಿ ಕೊಕ್ಕು ಮುರಿದುಕೊಳ್ಳುತ್ತದೆ ಎಂದು.

ಯುಗಾದಿ ಆದ ಮೇಲೆ ಹೆಣ್ಣು ಬಂತು ರೇಣುಕಾ. ಬಣ್ಣವಿಲ್ಲದ, ಸಾದಾ, ಚುರುಕು ಹೆಣ್ಣು. ನಿಮ್ಮ ತಲೆಬಾಗಿಲ ಮುಂದೆ ಬಲ್ಬು ತೂಗುಬಿಟ್ಟ ವೈರು ಇದೆಯಲ್ಲ, ಅದಕ್ಕೇ ಗೂಡು ನೇತು ಹಾಕಿತು. ಜೇಡರ ಬಲೆ, ಒಣ ಎಲೆ, ಹತ್ತಿ. ಅದರ ನಡುವೆ ಅಲ್ಲಲ್ಲಿ ನೀಲಿ ದಾರ. ನಾನು ಬೆರಳು ಮಾಡಿ ತೋರಿಸಿದಾಗ ಬಸವರಾಜಣ್ಣ ತನ್ನ ಅಂಗಿಯ ತೋಳು ನೋಡಿಕೊಂಡ. ಶೆಡ್ಡಿನಿಂದ ಬಂದು ಮೆಟ್ಟಿಲ ಮೇಲೆ ಬಟ್ಟೆ ಕೊಡವುತ್ತಾನಲ್ಲ, ಜೀನ್ಸಿನ ಆ ದಾರದ ಚೂರುಗಳನ್ನು ಅವಳು ಆರಿಸಿಕೊಂಡಿದ್ದಳು. ಅವತ್ತಿನಿಂದ ಬಲ್ಬು ಹಾಕುವುದು ಬಂದಾಯಿತು, ತಲೆಬಾಗಿಲು ಬಂದಾಯಿತು, ಹಿತ್ತಲಿನಿಂದಲೇ ಓಡಾಟ. ಕರೆಂಟಿನ ಮೀಟರು ನೋಡಲು ಬಂದವನು ಗೇಟು ದಡದಡ ಬಡಿದಾಗ ಇವನು ಓಡಿಬಂದು ಪಿಸುದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

“ಗದ್ಲ ಮಾಡಬ್ಯಾಡ್ರಿ. ಮನ್ಯಾಗ ಬಾಣಂತಿ ಅದಾಳ.”

ಆ ಮನೆಯ ಬಾಗಿಲಲ್ಲಿ ಆ ಮಾತು. ಕೇಳಲು ನೀನು ಇರಬೇಕಿತ್ತು. ನೀನು ಇರಬೇಕಿತ್ತು ರೇಣುಕಾ.

ಎರಡು ಮರಿ. ಹುಳ ತಂದು ಬಾಯಿಗೆ ಇಡುವುದರಲ್ಲಿ ಗಂಡು ಹಕ್ಕಿಯೂ ಹಿಂದೆ ಬೀಳಲಿಲ್ಲ, ಅವನಿಗೆ ಬೈದದ್ದನ್ನು ವಾಪಸು ತೆಗೆದುಕೋ. ಮರಿಗಳ ಚಿಲಿಪಿಲಿ ಜೋರಾದಾಗ ಬಸವರಾಜಣ್ಣ ಕುರುಗೋಡಿಗೆ ಫೋನು ಹಚ್ಚಿ, ಏನೂ ಮಾತಾಡದೆ, ಫೋನನ್ನು ಗೂಡಿನ ಕಡೆ ಹಿಡಿದನಂತೆ. ಎರಡು ದಿನ ಬಿಟ್ಟು ಬೆಳಗಿನ ಬಸ್ಸಿಗೆ ಗೌರವ್ವ ಬಂದಳು. ಅಷ್ಟರಲ್ಲಿ ಮರಿ ಹಾರಿಹೋಗಿದ್ದವು. ಅವಳು ಖಾಲಿ ಗೂಡಿನ ಕೆಳಗೆ ನಿಂತು ಬಹಳ ಹೊತ್ತು ನೋಡಿದಳು. ತಡವಾಯಿತು ಅತ್ತಿ, ಬಾಣಂತನ ಮುಗಿಯಿತು ಎಂದು ಇವನು ಹೇಳಿದ. ಅವಳು ಮೆಟ್ಟಿಲ ಮೇಲೆ ಕೂತು ಅವನ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. “ತಾಯಿ ಮಾಡೂ ಕೆಲಸ ನೀನಽ ಮಾಡಿದ್ಯಲ್ಲೋ ಯಪ್ಪಾ” ಎಂದಳು. ಆವತ್ತು ನಾವು ಮೂವರೂ ನಿಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಉಂಡೆವು. ಹೊರಡುವಾಗ ಗೌರವ್ವ, ಮುಂದಿನ ಸಲ ಮೊದಲೇ ತಿಳಿಸಿ, ನಾನೇ ಬಂದು ಇರುತ್ತೇನೆ ಎಂದಳು. ಖಾಲಿ ಗೂಡು ಹಾಗೇ ಇರಲಿ ಎಂದಳು.

ಇಷ್ಟು ಬರೆದು ಪೆನ್ನು ಇಡೋಣ ಎಂದುಕೊಂಡೆ. ಆದರೆ ಈಗ, ಗೋಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿರುವಾಗಲೇ, ಹೆಣ್ಣು ಬಂದು ಹಳೆಯ ಗೂಡಿನ ಬಾಯಲ್ಲಿ ಕೂತಿದೆ. ಕೊಕ್ಕಿನಲ್ಲಿ ಹತ್ತಿಯ ಎಳೆ. ಒಳಗೆ ತುರುಕುತ್ತಿದೆ, ಮತ್ತೆ ಹೋಗಿ ತರುತ್ತಿದೆ. ಬಸವರಾಜಣ್ಣನೂ ಕಿಟಕಿಯಿಂದ ನೋಡಿದ್ದಾನೆ. ಒಳಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿರುವುದು ಇಲ್ಲಿಗೆ ಕೇಳುತ್ತಿದೆ.

“ಅತ್ತೀ, ಹೊಂಟು ಬರ್ರಿ.”

ನಿನ್ನ
ಗಿರಿಜಾ