ಉಪ್ಪುನೀರಿನ ಸೂಜಿ

ಸ್ಫಾಕ್ಸ್
೧೪ ನವೆಂಬರ್ ೨೦೨೪

ಪ್ರೀತಿಯ ದಲಂದಾ,

ನೀನು, ನಿನ್ನ ನಾದಿನಿ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ರಂಜಾನಿನಲ್ಲಿ ಬಂದ ನಿನ್ನ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ. ಕೆಲಸ ಹೆಚ್ಚಿತ್ತು ಎಂದು ನೆಪ ಹೇಳಲಾರೆ. ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ.

ಡಯಾಲಿಸಿಸ್ ವಿಭಾಗಕ್ಕೆ ಎರಡು ಹೊಸ ಯಂತ್ರ ಬಂದಿವೆ. ಕಿಟಕಿ ಪಕ್ಕದ ಹಾಸಿಗೆಯ ಮುದುಕಿ ಇನ್ನೂ ನಿನ್ನನ್ನೇ ಕೇಳುತ್ತಾಳೆ: "ಆ ದ್ವೀಪದ ಹುಡುಗಿ ಎಲ್ಲಿ? ನೀವೆಲ್ಲ ಸೂಜಿ ಚುಚ್ಚೋದಲ್ಲ, ಮೊಳೆ ಹೊಡೀತೀರ." ನಾನು ನಗುತ್ತೇನೆ. ಆಮೇಲೆ ಮುಂದಿನ ಹಾಸಿಗೆಗೆ ಹೋಗುತ್ತೇನೆ.

ನಿನ್ನ ಪತ್ರದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ನಾನು ಕೊರೋನಾ ಲಸಿಕೆ ಹಾಕಿಸ್ಕೊಂಡಿದ್ರೆ ಲಮ್ಜದನೂ ಹಾಕಿಸ್ಕೊಳ್ತಿದ್ದ. ನನ್ನ ತಮ್ಮನ್ನ ನಾನೇ ಕೊಂದೆ" ಎಂದು ಬರೆದಿದ್ದೀಯ. ದಲಂದಾ, ಅದರ ಮೊದಲ ಅರ್ಧ ಸುಳ್ಳು. ಆ ಸುಳ್ಳು ನನ್ನದು.

ನಮ್ಮ ವಿಭಾಗದ ಮುಖ್ಯಸ್ಥ ಡಾಕ್ಟರ್ ಶಾದ್ಲಿ ಬಾಗಿಲಿಗೆ ನೋಟಿಸ್ ಅಂಟಿಸಿದ ವಾರ ನಿನಗೆ ನೆನಪಿರಬೇಕು. ಲಸಿಕೆಯ ಚೀಟಿ ಇಲ್ಲದವರು ಶುಕ್ರವಾರದಿಂದ ಒಳಗೆ ಬರುವಂತಿಲ್ಲ. "ದಿನಕ್ಕೆ ಇಪ್ಪತ್ತು ಜನಕ್ಕೆ ಚುಚ್ತೀಯಲ್ಲಮ್ಮ, ನಿಂಗೊಂದು ಚುಚ್ಚಿದ್ರೆ ಆಕಾಶ ಬೀಳುತ್ತಾ?" ಎಂದು ಎಲ್ಲರೆದುರು ನಿನ್ನನ್ನು ಹಂಗಿಸಿದರು. ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, "ಹೆಡ್ ನರ್ಸ್ ನೀನು. ಅವಳ ಹೆಸರನ್ನ ನೀನೇ ಹೊಡೆದುಹಾಕಬೇಕಾಗುತ್ತೆ" ಎಂದರು.

ನೀನು ನನ್ನ ಕೈ ಹಿಡಿದುಕೊಂಡೆ. "ನಮ್ಮಮ್ಮ ಸೂಜಿ ಹಾಕಿಸ್ಕೊಂಡ ಮೂರನೇ ದಿನಕ್ಕೆ ಹೋದಳು ಕಣೇ. ನಂಗಾಗಲ್ಲ. ಸಿರಿಂಜಿಗೆ ಬರೀ ಉಪ್ಪುನೀರು ತುಂಬಿಬಿಡು, ಚೀಟಿ ಬರಿ. ನಂಗೋಸ್ಕರ." ನಾನು ಹೂಂ ಎಂದೆ. ನೀನು ಗೋಡೆ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡೆ. ನಾನು ತುಂಬಿದ್ದು ಲಸಿಕೆಯನ್ನೇ. ಎರಡು ಸಲವೂ.

ರೋಗಿಗಳಿಗಾಗಿ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವೇ. ಆದರೆ ನಿನ್ನಂಥ ಕೈ ಇನ್ನೊಂದು ಸಿಗುವುದಿಲ್ಲವೆಂಬ ಲೆಕ್ಕವೂ ಇತ್ತು. ಬೇಡವೆಂದ ನಿನ್ನ ಮೈಗೆ, ನಂಬಿಸಿ, ಔಷಧಿ ಹಾಕಿದೆ. ಮರುದಿನ ಜ್ವರ ಬಂದಾಗ ನೀನು, "ನೋಡೇ, ಬರೀ ಹೆದರಿಕೆಗೇ ಜ್ವರ!" ಎಂದು ನಕ್ಕೆ. ನಾನೂ ನಕ್ಕೆ.

ಆಮೇಲೆ ನಿಮ್ಮ ಮನೆಯ ಶುಕ್ರವಾರದ ಊಟ. ನೀನು ಮೀನಿನ ಕುಸ್‌ಕುಸ್ ಬಡಿಸುತ್ತ ತಮ್ಮನಿಗೆ ಹೇಳಿದೆ: "ಡಾಕ್ಟರಿಗೇ ಟೋಪಿ ಹಾಕಿದೀನಿ. ನೀರು ಚುಚ್ಚಿಸ್ಕೊಂಡು ರೋಗಿಗಳ ಮಧ್ಯೆ ನಿಂತಿದೀನಿ, ಒಂದು ಕೆಮ್ಮೂ ಇಲ್ಲ!" ಲಮ್ಜದ್, "ಹಂಗಾದ್ರೆ ಈ ಸಕ್ಕರೆ ಕಾಯಿಲೆಯವನಿಗೂ ಬೇಡ ಬಿಡು" ಎಂದ. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಫೆಬ್ರವರಿಯಲ್ಲಿ ಅವನು ಕೊರೋನಾದಿಂದ ಹೋದ, ಮಣ್ಣು ಮಾಡಿ ಬಂದೆವು. ನೀನು ಕೆಲಸ ಬಿಟ್ಟು ಅವನ ಮಕ್ಕಳನ್ನು ಸಾಕಲು ದ್ವೀಪಕ್ಕೆ ಹೊರಟುಹೋದೆ.

ಆದ್ದರಿಂದ ನಿನ್ನನ್ನು ನೀನು ಶಪಿಸಿಕೊಳ್ಳಬೇಡ. ನಿನಗೆ ಗೊತ್ತಿದ್ದುದನ್ನೇ ನೀನು ಹೇಳಿದೆ. ಗೊತ್ತಿದ್ದೂ ಬಾಯಿ ಬಿಡದವಳು ನಾನು. ಇದನ್ನು ಓದಿ ನೀನು ನನ್ನ ಹೆಸರೆತ್ತದಿದ್ದರೂ ಸರಿ. ದೇವರು ನಿನಗೆ ನಿದ್ದೆ ಕೊಡಲಿ, ಆ ಮಕ್ಕಳಿಗೆ ಆಯುಸ್ಸು ಕೊಡಲಿ.

ನಿನ್ನ
ನಜೀಹಾ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು: ಆ ಜನವರಿಯಲ್ಲಿ ಲಮ್ಜದ್ ಒಬ್ಬನೇ ಆಸ್ಪತ್ರೆಗೆ ನನ್ನ ಹತ್ತಿರ ಬಂದಿದ್ದ. ದ್ವೀಪಕ್ಕೆ ಹೋಗುವ ದೋಣಿಗೆ ಇನ್ನೂ ಒಂದು ಗಂಟೆ ಇತ್ತು. "ನಜೀಹಕ್ಕಾ, ನಮ್ಮಕ್ಕಂದು ಬಡಾಯಿ ಜಾಸ್ತಿ. ನಿಜ ಹೇಳಿ, ಅವಳಿಗೆ ಹಾಕಿದ್ದು ಬರೀ ನೀರೇನಾ? ಔಷಧಿ ಅಂದ್ರೆ ಈಗ್ಲೇ ನಂಗೂ ಹಾಕಿಬಿಡಿ" ಎಂದು ಅಂಗಿಯ ತೋಳು ಮಡಚಿ ಕೂತ. ಲಸಿಕೆ ಪಕ್ಕದ ಫ್ರಿಜ್ಜಿನಲ್ಲೇ ಇತ್ತು. ನಿಜ ಹೇಳಿದರೆ ಸಂಜೆಯೊಳಗೆ ಅದು ನಿನ್ನ ಕಿವಿಗೆ ಬೀಳುತ್ತಿತ್ತು.

"ಬರೀ ನೀರು ಕಣಪ್ಪ" ಎಂದೆ. ಅವನು ತೋಳು ಇಳಿಸಿಕೊಂಡು, ನನಗೆ ಒಳ್ಳೆಯದಾಗಲೆಂದು ಹರಸಿ ಹೋದ.