ತಣ್ಣೀರಿನಲ್ಲಿ ಒಗೆದದ್ದು

ಮಂಗಳವಾರ, ಹದಿನೇಳನೇ ತಾರೀಖು

ಪ್ರೀತಿಯ ಪುಟ್ಟುವಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ನೀನು, ನಿನ್ನ ಹೆಂಡತಿ, ಮಕ್ಕಳು ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ. ಕೂತು ಬರೆಯೋಣವೆಂದರೆ ಕೂರುವುದೇ ದೊಡ್ಡ ಕೆಲಸವಾಗಿತ್ತು. ಈಗಲೂ ನಮ್ಮ ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ನಿನ್ನದು ಯಾವ ಕಾಲಕ್ಕೆ ನೆಟ್ಟಗಿತ್ತು?

ಹೋದ ಸಲ ನೀನು ಬಂದಿದ್ದಾಗ, ಬೆಳಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಹಿತ್ತಲ ನಲ್ಲಿಯ ಕೆಳಗೆ ನಿನ್ನ ಖಾಕಿ ಪ್ಯಾಂಟು ಒಗೆಯುತ್ತಿದ್ದೆಯಲ್ಲ, ಅದನ್ನು ನಾನು ನೋಡಿದೆ. ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಒಗೆದವನಲ್ಲ ನೀನು. ಕೇಳಿದ್ದಕ್ಕೆ "ಟೀ ಚೆಲ್ತು ಅಕ್ಕ" ಅಂದೆ. ಟೀಯನ್ನು ಯಾರಾದರೂ ಹಿಂದುಗಡೆ ಚೆಲ್ಲಿಕೊಳ್ಳುತ್ತಾರೇನೋ? ಆವತ್ತು ಸುಮ್ಮನಿದ್ದೆ, ಯಾಕೆಂದರೆ ನನ್ನದೂ ಅದೇ ಕಥೆಯಾಗಿತ್ತು. ಇವತ್ತು ಸುಮ್ಮನಿರುವುದಿಲ್ಲ. ಈ ಕಾಗದವನ್ನು ಪೂರ್ತಿ ಓದು, ಬಸ್ಸು ಹೊರಡುವ ಹೊತ್ತಾಯಿತೆಂದು ಮಡಚಿ ಜೇಬಿಗಿಟ್ಟುಕೊಳ್ಳಬೇಡ.

ನನಗೆ ಮೂಲವ್ಯಾಧಿ. ನೋಡು, ಬರೆದುಬಿಟ್ಟೆ. ಈ ಒಂದು ಮಾತು ಹೊರಗೆ ಬರಲು ಎರಡು ವರ್ಷ ಹಿಡಿಯಿತು. ಅಷ್ಟು ಕಾಲ ಆಗಾಗ ರಕ್ತ ಹೋಗುತ್ತಲೇ ಇತ್ತು, ನಿನ್ನ ಭಾವನಿಗೆ ಸುಳಿವೇ ಇಲ್ಲ. ಸಿಗುವುದಾದರೂ ಹೇಗೆ? ಊರವರ ಬಟ್ಟೆಯ ಕಲೆ ತೆಗೆದು ಬದುಕುವವಳು ನಾನು. ರಕ್ತಕ್ಕೆ ತಣ್ಣೀರು, ಒಂದು ಹಿಡಿ ಉಪ್ಪು, ಬಿಸಿನೀರು ಮಾತ್ರ ಸೋಕಿಸಬಾರದು. ಅಮ್ಮ ಕಲಿಸಿದ್ದು.

ಕಳೆದ ತಿಂಗಳು ಒದ್ದೆ ಬೆಡ್‌ಶೀಟುಗಳ ಬುಟ್ಟಿ ಎತ್ತುವಾಗ ಕಣ್ಣು ಕತ್ತಲೆ ಬಂದು ಕುಸಿದೆ. ನಿನ್ನ ಭಾವ ಆಸ್ಪತ್ರೆಗೆ ಎತ್ತಿಕೊಂಡೇ ಓಡಿದರು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಆದರೆ ಅವಳ ಪ್ರಶ್ನೆಗಳ ಮುಂದೆ ನನ್ನ ನಾಚಿಕೆ ನಿಲ್ಲಲಿಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಹೀಗೆ ರಕ್ತ ಹೋಗ್ತಿತ್ತಾ?"

"ನಮ್ಮಮ್ಮನಿಗೆ. ಮೂಲವ್ಯಾಧಿ ಇತ್ತು, ಅದರಲ್ಲೇ ಹೋಗ್ಬಿಟ್ರು."

ಅವಳು ಪೆನ್ನು ಕೆಳಗಿಟ್ಟಳು. "ಮೂಲವ್ಯಾಧಿ ಅಂತ ಯಾವ ಡಾಕ್ಟರು ಹೇಳಿದ್ರು?"

"ಡಾಕ್ಟರಲ್ಲ. ನಾವೇ ಅಂದ್ಕೊಂಡಿದ್ವಿ."

"ಅಂದ್ಕೊಂಡಿದ್ದು ಅಷ್ಟೇನಾ? ಯಾರೂ ಒಳಗೆ ನೋಡೇ ಇಲ್ವಾ?"

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು: ಕರುಳಿನಲ್ಲಿ ಗಡ್ಡೆಯಿದ್ದರೂ ಹೀಗೆಯೇ ರಕ್ತ ಹೋಗುತ್ತದೆ, ಜನ ಮೂಲವ್ಯಾಧಿಯೆಂದುಕೊಂಡು ಕೂತುಬಿಡುತ್ತಾರೆ. "ಒಡಹುಟ್ಟಿದವರು ಇದ್ರೆ ಅವರೂ ತೋರಿಸ್ಕೋಬೇಕು" ಎಂದಳು. ಆಗ ಕಣ್ಣ ಮುಂದೆ ಬಂದದ್ದು ನಿನ್ನ ಖಾಕಿ ಪ್ಯಾಂಟು.

ಕ್ಯಾಮೆರಾದ ಕೊಳವೆ ಹಾಕಿ ಕರುಳನ್ನೆಲ್ಲ ನೋಡಿದರು. ಗಡ್ಡೆ ಗಿಡ್ಡೆ ಏನೂ ಇರಲಿಲ್ಲ, ಬರೀ ಒಳಮೂಲವ್ಯಾಧಿ. ಆಮೇಲೆ ಇನ್ನೊಂದು ದಿನ ಕರೆದು, ಒಳಗೆ ಊದಿಕೊಂಡಿದ್ದ ಎರಡು ಗಂಟುಗಳ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡು ಹಾಕಿದರು. ಅರಿವಳಿಕೆಯಿಲ್ಲ, ಹೊಲಿಗೆಯಿಲ್ಲ. ರಕ್ತ ಸಿಗದೆ ಗಂಟು ಬಾಡಿ, ಬ್ಯಾಂಡಿನ ಜೊತೆ ತಾನೇ ಉದುರುತ್ತದಂತೆ. ಎರಡು ದಿನ ಒಳಗೆ ಯಾರೋ ಒತ್ತಿ ಹಿಡಿದ ಹಾಗಿತ್ತು, ಅಷ್ಟೆ. ಭಾರ ಎತ್ತಬಾರದು, ತಿಣುಕಬಾರದು, ಸೊಪ್ಪು ತರಕಾರಿ ತಿಂದು ನೀರು ಚೆನ್ನಾಗಿ ಕುಡಿಯಬೇಕು. ಉದುರುವಾಗ ಸ್ವಲ್ಪ ರಕ್ತ ಕಂಡರೆ ಹೆದರಬಾರದು. ಹೆಚ್ಚು ಹೋದರೆ, ನಿಲ್ಲದಿದ್ದರೆ, ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಕೂಡಲೇ ಬರಬೇಕು. ಆ "ಸ್ವಲ್ಪ" ಎಂದರೆ ಎಷ್ಟು ಅನ್ನುವ ಯೋಚನೆಯಲ್ಲೇ ದಿನ ದೂಡಿದೆ. ಪ್ರತಿ ಸಲ ಬಚ್ಚಲಿಗೆ ಹೋಗುವಾಗಲೂ ಜೀವ ಬಾಯಿಗೆ ಬರುತ್ತಿತ್ತು.

ಒಂಬತ್ತನೇ ದಿನ ಬೆಳಗ್ಗೆ ಬ್ಯಾಂಡು ಉದುರಿತು. ರಕ್ತ ನಿಲ್ಲಲಿಲ್ಲ. ಮೊದಲು ಒಂದು ಚಮಚದಷ್ಟು, ಆಮೇಲೆ ಅಳತೆಯೇ ಸಿಗದಷ್ಟು. ನಾನು ಮಾಡಿದ್ದೇನು ಗೊತ್ತೇ? ಕೂಗಲಿಲ್ಲ. ಬಾಗಿಲ ಚಿಲಕ ಭದ್ರವಾಗಿದೆಯೇ ನೋಡಿದೆ, ತಣ್ಣೀರು ಬಿಟ್ಟೆ, ಬ್ರಷ್ಷು ತೆಗೆದುಕೊಂಡು ನೆಲ ಉಜ್ಜತೊಡಗಿದೆ.

ಹೊರಗಿನಿಂದ ನಿನ್ನ ಭಾವ, "ಯಾಕೆ ಇಷ್ಟು ಹೊತ್ತು? ಏನಾಯ್ತು?" ಅಂದರು.

"ಏನಿಲ್ಲ" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕೈಯಲ್ಲಿದ್ದ ಬ್ರಷ್ಷನ್ನು ನೋಡಿದೆ. ಅರ್ಧ ನೆಲ ಆಗಲೇ ಬೆಳ್ಳಗಾಗಿತ್ತು. ಇನ್ನರ್ಧವನ್ನು ಹಾಗೇ ಬಿಟ್ಟು ಚಿಲಕ ತೆಗೆದೆ.

"ಬಂದು ನೋಡ್ರೀ" ಅಂದೆ.

ಬೆರಳು ಕೊಯ್ದುಕೊಂಡರೆ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ ಅವರು. ಆವತ್ತು ಕಣ್ಣು ತೆರೆದು ಎಲ್ಲವನ್ನೂ ನೋಡಿದರು. ಬೆಳ್ಳಗೆ ಬಿಳಿಚಿಕೊಂಡರೂ ಮಾತು ಮಾತ್ರ ಗಟ್ಟಿಯಾಗಿತ್ತು. "ತೊಳೀಬೇಡ. ನಡಿ" ಅಂದರು. ಆಸ್ಪತ್ರೆಯಲ್ಲಿ ರಕ್ತ ಚಿಮ್ಮುತ್ತಿದ್ದ ಕಡೆ ಒಂದು ಹೊಲಿಗೆ ಹಾಕಿ, ಎರಡು ದಿನ ಇರಿಸಿಕೊಂಡರು. "ಹೀಗಾಗೋದು ತೀರಾ ಅಪರೂಪ. ಆದ್ರೆ ತೊಳ್ದು ಮಲಗಿದ್ರೆ ಏನಾಗ್ತಿತ್ತೋ" ಎಂದು ಡಾಕ್ಟರಮ್ಮ ಬೈದಳು. ಬೈಸಿಕೊಳ್ಳುವುದು ಅಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಈಗ ರಕ್ತ ಇಲ್ಲ. ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ, ಬುಟ್ಟಿಗಳನ್ನೆಲ್ಲ ನಿನ್ನ ಭಾವ ಹೊರುತ್ತಾರೆ, ಹೊತ್ತ ಪ್ರತಿ ಬುಟ್ಟಿಯನ್ನೂ ನನಗೆ ಕೇಳಿಸುವ ಹಾಗೆ ಎಣಿಸುತ್ತಾರೆ. ನಿನ್ನ ಹೆಂಡತಿಗೆ ಈ ಕಾಗದ ತೋರಿಸು. ನಾಚಿಕೆಯಾದರೆ ಮೇಜಿನ ಮೇಲೆ ಮರೆತು ಹೋಗು, ಅವಳೇ ಓದುತ್ತಾಳೆ. ಮಕ್ಕಳಿಗೆ ಮುತ್ತು. ನೂರು ಕಾಲ ಬಾಳು, ಅದಕ್ಕೂ ಮೊದಲು ನನ್ನ ಮಾತು ಕೇಳು.

ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮನ ಕೊನೆಯ ವರ್ಷ ನೀನು ಬಸ್ಸಿನ ಕೆಲಸಕ್ಕೆ ಹೊಸದಾಗಿ ಸೇರಿ ದೂರದಲ್ಲಿದ್ದೆ. ದಿನಾ ಅವಳ ಬೆಡ್‌ಶೀಟು ಒಗೆಯುತ್ತಿದ್ದವಳು ನಾನು. ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಳು. ಒಂದು ದಿನ ಡಾಕ್ಟರು ಮನೆಗೇ ಬಂದು, "ರಕ್ತ ಏನಾದ್ರೂ ಹೋಗ್ತಿದ್ಯಾ?" ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಹಾಸಿಗೆಯ ಮೇಲೆ ನಾನು ಒಗೆದು ಹಾಸಿದ್ದ ಬಿಳಿ ಬೆಡ್‌ಶೀಟು, ಒಂದು ಚುಕ್ಕೆಯಿಲ್ಲ. "ಇಲ್ಲ" ಎಂದವಳು ನಾನು. ಅವರು ಟಾನಿಕ್ ಬರೆದುಕೊಟ್ಟು ಹೋದರು. ಹನ್ನೊಂದು ವರ್ಷದಿಂದ ನೀನು "ಆ ಡಾಕ್ಟರಿಗೆ ಕಣ್ಣಿರ್ಲಿಲ್ಲ" ಎಂದು ಬೈಯುತ್ತಿದ್ದೀಯ, ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೇನೆ. ಅವರನ್ನು ಬಿಡು. ಮುಂದಿನ ವಾರ ಗುರುವಾರ ಹತ್ತು ಗಂಟೆಗೆ ನಿನ್ನ ಹೆಸರಿನಲ್ಲಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ್ದೇನೆ. ನನ್ನನ್ನು ಬೈಯುವುದಕ್ಕಾದರೂ ಬಾ. ಪ್ಯಾಂಟು ಒಗೆಯದೆ ತಾ.