ಹುಳುಮನೆಗೆ ಬೀಗ

ಸಾದಲಿ
22-4-2025, ಮಂಗಳವಾರ

ಚಿ. ಸೌ. ತನುಜಳಿಗೆ,

ನಿನ್ನ ಅತ್ತೆ ಆಂಜಿನಮ್ಮ ಬರೆಯುತ್ತಿರುವುದು. ನಗರಗೆರೆಯಲ್ಲಿ ನೀನು, ನಿಮ್ಮಪ್ಪ, ನಿಮ್ಮಮ್ಮ ಆದಿಲಕ್ಷ್ಮಮ್ಮನವರು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾವೆಲ್ಲ ಇದ್ದೇವೆ. ಸಂಕ್ರಾಂತಿಗೆಂದು ತವರಿಗೆ ಹೋದವಳು ನೀನು, ಯುಗಾದಿಯೂ ಕಳೆದುಹೋಯಿತು. ಮೂರು ತಿಂಗಳಾದರೂ ಒಂದು ಕಾಗದ ಬರೆಯಲು ನನಗೆ ಕೈ ಬರಲಿಲ್ಲ. ಅದಕ್ಕೆ ಮೊದಲು ಬೈದುಬಿಡು, ಆಮೇಲೆ ಮುಂದಕ್ಕೆ ಓದು.

ಫೋನು ಮಾಡಿದ್ದೆ, ನಿನಗೂ ಗೊತ್ತು. ಎಷ್ಟೋ ಸಲ ನೀನು ಎತ್ತಲಿಲ್ಲ. ಎತ್ತಿದ ಎರಡು ಸಲವೂ "ಹೂಂ ಅತ್ತೆ, ಸರಿ ಅತ್ತೆ" ಅಂದು ಇಟ್ಟುಬಿಟ್ಟೆ. ನಿನ್ನ ಆ "ಸರಿ ಅತ್ತೆ"ಗೆ ನಾನು ಹೆದರುತ್ತೇನೆ ಎಂಬುದು ಈ ಮನೆಯಲ್ಲಿ ಯಾರಿಗೂ ತಿಳಿಯದು. ಕಾಗದವಾದರೆ ನಡುವೆ ನೀನು ಸರಿ ಅನ್ನುವ ಹಾಗಿಲ್ಲ, ನಾನೂ ಗದರುವ ಹಾಗಿಲ್ಲ. ಮೊಮ್ಮಗಳು ಪ್ರಿಯಾಂಕಳ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡಿದ್ದೇನೆ. ಏಳನೆಯ ಕ್ಲಾಸಿಗೇ ಬಿಟ್ಟವಳ ಅಕ್ಷರ ನನ್ನದು, ಕಣ್ಣು ಕಿರಿದು ಮಾಡಿಕೊಂಡು ಓದಿಕೋ.

ಮನೆಯಲ್ಲಿ ಈಗ ಒಂದೇ ಮಾತು, ಪಾರ್ಕು. ನೀರಿನ ಜಾರುಬಂಡೆ, ತಲೆಕೆಳಗಾಗಿ ತಿರುಗುವ ರೈಲು ಎಲ್ಲ ಇರುವ ಬೆಂಗಳೂರು ಕಡೆಯ ಆ ಪಾರ್ಕು. ಮದುವೆಯಾದ ಹೊಸದರಲ್ಲಿ ನೀನೇ ತಾನೆ ಮೊದಲು ಕೇಳಿದ್ದು, "ಅತ್ತೆ, ಎಲ್ಲಾರೂ ಒಂದ್ಸಲ ಹೋಗಣ" ಅಂತ? ಆಗ ನಾನು, "ನೀರಾಟ ಆಡೋಕೆ ದುಡ್ಡು ಕೊಡಬೇಕೇನಮ್ಮ, ಬೋರ್‌ವೆಲ್ ಹತ್ರ ಹೋಗಿ ನಿಂತ್ಕೋ" ಅಂದಿದ್ದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆ ನಗು ಅಷ್ಟು ಸುಖದ್ದಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಈ ಬೇಸಿಗೆ ರಜಕ್ಕೆ ಮಕ್ಕಳು ಹಠ ಹಿಡಿದವು. ಚಿಂತಾಮಣಿಯ ನಮ್ಮ ಮಗಳ ಮನೆಯವರು ಐವರು, ನನ್ನ ತಮ್ಮನ ಮನೆಯವರು ಮೂವರು, ಉಳಿದದ್ದು ನಾವು. ನಿನ್ನ ಓರಗಿತ್ತಿ ಶೈಲಜಾ ಎಣಿಸಿದಾಗ ಹದಿನೈದು ಜನ ಆಗುತ್ತಿದ್ದರು. ವೇಣು ಎಣಿಸಿದಾಗಲೆಲ್ಲ ಹದಿನಾರು. ಹತ್ತು ಸಲ ಎಣಿಸಿದರೂ ನಿನ್ನ ಗಂಡನ ಲೆಕ್ಕ ಹದಿನಾರೇ. ಅತ್ತಿಗೆ ಮೈದುನನನ್ನು ತಿದ್ದುತ್ತಿರಲಿಲ್ಲ. ನಾನೂ ಯಾರನ್ನೂ ತಿದ್ದಲಿಲ್ಲ.

ನಿಮ್ಮ ಮಾವನಿಗೆ ಟಿಕೆಟ್ಟಿನ ರೇಟು ಕೇಳಿ ಎದೆ ಒಡೆದಂತಾಯಿತು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದು ಶುರು ಮಾಡಿದರು. ಹದಿನಾರು ಜನರ ಕಾಲಿಗೆ ಯಾವ ಹಾಸಿಗೆ ಸಾಕಾಗುತ್ತದೆ, ನೀವೇ ಹೇಳಿ ಅಂದೆ. "ಸ್ಕಂದಗಿರಿ ಹತ್ತಿ ಬರಣ ಬಿಡಮ್ಮ, ಬೆಟ್ಟಕ್ಕೇನು ಟಿಕೆಟ್ಟಾ?" ಅಂದರು. ಪ್ರಿಯಾಂಕ ಫೋನಿನಿಂದ ತಲೆ ಎತ್ತದೆ, "ತಾತ, ಅಲ್ಲಿಗೂ ಆನ್‌ಲೈನ್ ಬುಕಿಂಗ್ ಮಾಡ್ಬೇಕು" ಅಂದಳು. ಹುಡುಗಿಗೆ ಹತ್ತೇ ವರ್ಷ, ಆದರೆ ಯಾವ ದಿನ ರೇಟು ಕಡಿಮೆ, ಸ್ಕೂಲ್ ಐಡಿ ಕಾರ್ಡ್ ತೋರಿಸಿದರೆ ಎಷ್ಟು ಬಿಡುತ್ತಾರೆ, ಎಲ್ಲ ಹುಡುಕಿಟ್ಟಿದ್ದಾಳೆ. ಸೀರೆ, ಪಂಚೆಯಲ್ಲಿ ನೀರಿಗೆ ಇಳಿಯುವ ಹಾಗಿಲ್ಲವಂತೆ. ಅಲ್ಲೇ ಬಟ್ಟೆ ಬಾಡಿಗೆಗೆ ಸಿಗುತ್ತದಂತೆ. ಶೈಲಜಾ, ಬಾಡಿಗೆ ಯಾಕೆ ಎಂದು ಶಿಡ್ಲಘಟ್ಟದ ಸಂತೆಯಲ್ಲಿ ಎಲ್ಲರಿಗೂ ನೈಲಾನ್ ಪ್ಯಾಂಟು ತಂದಳು. ನಿಮ್ಮ ಮಾವ ತಮ್ಮದನ್ನು ಹಾಕಿಕೊಂಡು ಅಂಗಳಕ್ಕೆ ಬಂದಾಗ ನಾಯಿ ಬೊಗಳಿತು. ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಗೇಟಿನ ಹೊರಗೆ ವ್ಯಾನಿನಲ್ಲೇ ಚಿತ್ರಾನ್ನ, ಮೊಸರನ್ನ ತಿಂದು ಮತ್ತೆ ಒಳಗೆ ಹೋಗುವುದು ಎಂದು ತೀರ್ಮಾನವಾಯಿತು. ಕೈಗೆ ಮುದ್ರೆ ಒತ್ತಿಸಿಕೊಂಡರೆ ಬಿಡುತ್ತಾರಂತೆ.

ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಇಷ್ಟು ಎತ್ತರದವರೆಗೆ ಅರ್ಧ, ಅದಕ್ಕಿಂತ ಕೆಳಗೆ ಎಂಬತ್ತೈದು ಸೆಂಟಿಮೀಟರಿನೊಳಗಿದ್ದರೆ ಪುಕ್ಕಟೆ. ಪ್ರಿಯಾಂಕ ಟೇಪು ಹಿಡಿದು ರೇಷ್ಮೆ ಹುಳುಮನೆಯ ಕಂಬಕ್ಕೆ ಸುಣ್ಣದಲ್ಲಿ ಎರಡು ಗೆರೆ ಎಳೆದಳು. ಮಕ್ಕಳೆಲ್ಲ ಸಾಲಾಗಿ ನಿಂತವು. ಚೈತನ್ಯನಿಗೆ ಅವರಮ್ಮ ಶೈಲಜಾ, "ಸ್ವಲ್ಪ ಕುಗ್ಗೋ" ಅಂದರೆ ಅವನು ಎದೆ ಉಬ್ಬಿಸಿ ಇನ್ನೂ ಎರಡು ಬೆರಳು ಎತ್ತರವಾದ. ಕೆಳಗಿನ ಗೆರೆಗೆ ನಿಲ್ಲುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಎಲ್ಲರೂ ಹೋದ ಮೇಲೆ ನಾನು ಆ ಗೆರೆಯನ್ನು ನೋಡುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಇನ್ನು ದಿನ ಗೊತ್ತು ಮಾಡುವುದು. ಹುಳ ಸಾಕುವ ಮನೆಯವರಿಗೆ ಎಲ್ಲರೂ ಒಟ್ಟಿಗೆ ಹೊರಡುವ ದಿನ ಎಲ್ಲಿದೆ? ನೀನು ಬಂದ ಹೊಸದರಲ್ಲಿ, "ಹುಳಕ್ಕೆ ಜ್ವರಾನಾ? ಮಾತ್ರೆ ಏನು ಕೊಡ್ತೀರ ಅತ್ತೆ?" ಎಂದು ಕೇಳಿದ್ದು ನೆನಪಿದೆಯಾ? ಮೇವು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಕಳಚುವವರೆಗೆ ಒಂದು ದಿನ ಅಲ್ಲಾಡದೆ ಕೂರುತ್ತವೆ, ಅದನ್ನೇ ಜ್ವರ ಅನ್ನುವುದು ಎಂದು ಹೇಳಿಕೊಟ್ಟಿದ್ದೆ. ನಾಲ್ಕನೆಯ ಜ್ವರವೇ ಕೊನೆಯದು. ಅದರಿಂದ ಎದ್ದವೆಂದರೆ ಒಂದು ವಾರ ಕೈ ಬಿಡುವಿಲ್ಲ. ಆದ್ದರಿಂದ ಆ ಜ್ವರದ ದಿನವೇ ನಮಗೆ ರಜ. ಮರಿಹುಳ ತಂದ ಒಂಬತ್ತನೆಯ ದಿನಕ್ಕೆ ಜ್ವರ ಎಂದು ಲೆಕ್ಕ ಹಾಕಿ, ಅದು ಸರಿಯಾಗಿ ಏಪ್ರಿಲ್ ಇಪ್ಪತ್ತರ ಭಾನುವಾರಕ್ಕೆ ಬರುವಂತೆ ನಿಮ್ಮ ಮಾವ ಮರಿಗಳನ್ನು ತಂದರು. ಮುನೇಶನ ಹದಿನೇಳು ಸೀಟಿನ ವ್ಯಾನು ಹೇಳಿಟ್ಟರು.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಹುಳ ತಡ ಮಾಡಿದರೆ ಏನು ಗತಿ ಎಂದು ಹೆದರಿ, ಕಿಟಕಿಗಳಿಗೆ ಗೋಣಿ ಕಟ್ಟಿ ಹುಳುಮನೆಯನ್ನು ಬೆಚ್ಚಗಿಟ್ಟರು. ಮೊದಲೇ ಏಪ್ರಿಲ್ ಬಿಸಿಲು. ಶುಕ್ರವಾರ ಸಂಜೆಯೇ ವೇಣು ಬಂದು, "ಅಮ್ಮ, ಅರ್ಧ ಹುಳ ಆಗಲೇ ತಲೆ ಎತ್ತಿವೆ" ಅಂದ. ಶನಿವಾರ ಬೆಳಿಗ್ಗೆ ನೋಡಿದರೆ ಎಲ್ಲವೂ ಜ್ವರಕ್ಕೆ ಕೂತಿದ್ದವು. ಅಂದರೆ ಭಾನುವಾರ ನಾವು ವ್ಯಾನು ಹತ್ತುವ ಹೊತ್ತಿಗೆ ಎದ್ದು ಸೊಪ್ಪಿಗೆ ಬಾಯಿ ತೆರೆಯುತ್ತವೆ.

ಎಲ್ಲರೂ ಜಗಲಿಯಲ್ಲಿ ಸೇರಿದೆವು. ನಿಮ್ಮ ಮಾವ ಯಾರ ಮುಖವನ್ನೂ ನೋಡದೆ, "ಪೋನೀಲೇ, ಹೋಗ್ಲಿ ಬಿಡು, ಯಾರಾದ್ರೂ ಒಬ್ರು ಉಳ್ಕೊಂಡ್ರಾಯ್ತು" ಅಂದರು. ಆಗ ಶೈಲಜಾ, ಪಾಪ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಉಪ್ಪು ಮುಗಿದಿದೆ ಅನ್ನುವಷ್ಟು ಸಹಜವಾಗಿ, "ತನುಜ ಇದ್ದಿದ್ರೆ ಅವಳು ಉಳ್ಕೋತಿದ್ಲು" ಅಂದಳು.

ಅಷ್ಟೇ ಮಾತು. ಹೌದಲ್ಲ ಎಂದು ಎಲ್ಲರೂ ತಲೆ ಆಡಿಸಿದರು. ತಿರುಪತಿಗೆ ಹೋದಾಗ ನೀನು ಉಳಿದೆ. ಚಿಂತಾಮಣಿಯಲ್ಲಿ ಗೃಹಪ್ರವೇಶ ಆದಾಗ ಉಳಿದೆ. ನನ್ನ ತಮ್ಮನ ಮಗಳ ಮದುವೆಗೂ ಧಾರೆಯ ಹೊತ್ತಿಗೆ ಬಂದು ಊಟ ಮಾಡಿ ಓಡಿದೆ. ನೀನು ಇರುತ್ತೀಯ ಎಂಬ ಧೈರ್ಯದಲ್ಲಿ ಈ ಮನೆ ಐದು ವರ್ಷ ಊರು ತಿರುಗಿದೆ. ವೇಣು ಎದ್ದು ಹೊರಗೆ ಹೋದ. ನನಗೆ ಅಳು ಬಂತು, ಅದನ್ನು ಮುಚ್ಚಲು ಎಲ್ಲರ ಮೇಲೂ ರೇಗಿದೆ. ನನ್ನ ಗುಣ ನಿನಗೆ ಗೊತ್ತಲ್ಲ.

"ಯಾರೂ ಹೋಗೋದು ಬೇಡ" ಅಂದೆ. ಮಕ್ಕಳು ಗೊಳೋ ಎಂದವು. "ಈ ಬೆಳೆ ಮುಗೀಲಿ. ಗೂಡು ಮಾರಿದ ಮೇಲೆ ಹೊಸ ಮರಿ ತರೋದು ಬೇಡ. ಹುಳುಮನೆ ತೊಳೆದು ಬೀಗ ಹಾಕ್ಕೊಂಡು ಎಲ್ಲಾರೂ ಹೋಗಣ" ಅಂದೆ. ದೊಡ್ಡವನು ಮುರಳಿಮೋಹನ್ ಬೆಚ್ಚಿಬಿದ್ದ. "ಒಂದು ಬೆಳೆ ಬಿಡೋದಾ? ಪಾರ್ಕಿಗೋಸ್ಕರಾನಾ?" ಅಂದ. "ವರ್ಷಕ್ಕೆ ಎಂಟು ತೆಗೆಯೋರು ಏಳು ತೆಗೆದ್ರೆ ಉಪವಾಸ ಬೀಳಲ್ಲ ಕಣೋ" ಅಂದೆ. ಈ ಮನೆಗೆ ನಾನು ಬಂದು ಮೂವತ್ತೆಂಟು ವರ್ಷ. ಮನೆಯವರ ಸಂತೋಷಕ್ಕೆಂದು ಹುಳುಮನೆಗೆ ಬೀಗ ಬಿದ್ದದ್ದನ್ನು ನಾನು ಕಂಡಿಲ್ಲ. ಕೊನೆಗೆ ನಿಮ್ಮ ಮಾವನೇ ಎದ್ದು ಮುನೇಶನಿಗೆ ಫೋನು ಮಾಡಿ, "ವ್ಯಾನು ಮೇ ಹದಿನೆಂಟಕ್ಕೆ ಹಾಕಪ್ಪ" ಅಂದರು.

ಮೇ ಹದಿನೆಂಟು, ಭಾನುವಾರ. ಬೆಳಿಗ್ಗೆ ಐದಕ್ಕೆ ಸಾದಲಿಯಿಂದ ಹೊರಡುತ್ತೇವೆ. ನೀನು ಇಲ್ಲಿಗೆ ಬರಲು ಮನಸ್ಸಿಲ್ಲದಿದ್ದರೆ ಬರಬೇಡ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ವ್ಯಾನು ನಿಲ್ಲಿಸುತ್ತೇವೆ, ಅಲ್ಲೇ ಹತ್ತಬಹುದು. ಸಂಜೆ ಅಲ್ಲೇ ಇಳಿದು ನಗರಗೆರೆಗೆ ಹೋಗುತ್ತೇನೆಂದರೂ ಯಾರೂ ಕೈ ಹಿಡಿದು ಎಳೆಯುವುದಿಲ್ಲ. ವೇಣುಗೂ ಹಾಗೆಂದು ಹೇಳಿದ್ದೇನೆ. ನಿನಗೆ ಕಿಟಕಿ ಪಕ್ಕದ ಸೀಟು. ಸಂತೆಯಿಂದ ನಿನಗೂ ಒಂದು ನೀಲಿ ಪ್ಯಾಂಟು ತಂದಿದ್ದಾಳೆ ಶೈಲಜಾ. ಆ ಮಾತು ಆಡಿದ್ದಕ್ಕೆ ಮೂರು ದಿನದಿಂದ ಪೆಚ್ಚಾಗಿ ಓಡಾಡುತ್ತಿದ್ದಾಳೆ. ಅವಳ ಮೇಲೆ ಬೇಸರ ಇಟ್ಟುಕೊಳ್ಳಬೇಡ. ಅವಳು ಹೇಳಿದ್ದು ನಾವೆಲ್ಲ ಮಾಡಿದ್ದನ್ನೇ.

ಬರದಿದ್ದರೂ ಬೀಗ ಬೀಳುವುದು ಬೀಳುತ್ತದೆ. ಅದರಲ್ಲಿ ಬದಲಿಲ್ಲ.

ಹುಳ ಎದ್ದು ಇದು ಮೂರನೆಯ ದಿನ, ಸೊಪ್ಪಿಗೆ ಹೊತ್ತಾಯಿತು. ನಿನ್ನ ಆರೋಗ್ಯ ನೋಡಿಕೋ, ಬಿಸಿಲಲ್ಲಿ ಅಲೆಯಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನಸ್ಸು ಹಗುರಾಗಲಿ ಎಂದು ದಿನಾ ದೀಪದ ಮುಂದೆ ಕೇಳಿಕೊಳ್ಳುತ್ತೇನೆ.

ನಿನ್ನ ಅತ್ತೆ,
ಆಂಜಿನಮ್ಮ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಬರೆಯಬೇಕಾದದ್ದನ್ನು ಬಿಟ್ಟು ಪ್ಯಾಂಟು, ಚಿತ್ರಾನ್ನ ಎಲ್ಲ ಬರೆದಿದ್ದೇನೆ.

ಎರಡು ವರ್ಷದ ಹಿಂದೆ, ಇದೇ ಬೇಸಿಗೆ, ಹುಳ ಇದೇ ಹಂತದಲ್ಲಿದ್ದವು. ನಿನಗೆ ನಾಲ್ಕು ತಿಂಗಳಾಗಿತ್ತು. ಸೊಪ್ಪಿನ ಹೊರೆ ಇಳಿಸಿ ನೀನು ಆ ಕಂಬಕ್ಕೆ ಒರಗಿಕೊಂಡು, "ಅತ್ತೆ, ಹೊಟ್ಟೆ ಹಿಂಡ್ತಿದೆ" ಅಂದೆ. ನಾನು ತಿರುಗಿ ನೋಡದೆ, "ಇನ್ನೆರಡು ಸಾಲಿಗೆ ಸೊಪ್ಪು ಹಾಕಿ ಮಲ್ಕೋ ಹೋಗಮ್ಮ" ಅಂದೆ. ನೀನು "ಸರಿ ಅತ್ತೆ" ಅಂದೆ. ಎರಡು ಸಾಲಿಗೂ ಹಾಕಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಯಾಕೆ ಇಷ್ಟು ತಡ ಎಂದು ಕೇಳಿದಾಗ, ನಿಮ್ಮಮ್ಮನ ಎದುರಿಗೇ, "ಈ ಹುಡುಗಿ ಒಂದು ಮಾತೂ ಹೇಳ್ಲಿಲ್ಲ ನೋಡಿ" ಎಂದುಬಿಟ್ಟೆ. ಹಾಸಿಗೆಯ ಮೇಲಿಂದ ನೀನು ನನ್ನನ್ನು ನೋಡಿದೆ. ಬಾಯಿ ಬಿಡಲಿಲ್ಲ. ಅಂದಿನಿಂದ ಎಲ್ಲರೂ ನಿನಗೇ ಬುದ್ಧಿ ಹೇಳುತ್ತಾ ಬಂದರು, ಹೇಳಬೇಕಿತ್ತಲ್ಲಮ್ಮ ಅಂತ. ನಿಮ್ಮಮ್ಮನೂ ಹೇಳಿರಬೇಕು. ಮಗು ಇದ್ದಿದ್ದರೆ ಈಗ ಒಂದೂವರೆ ವರ್ಷ. ಕೆಳಗಿನ ಗೆರೆಯೊಳಗೇ ನಿಲ್ಲುತ್ತಿತ್ತು, ಟಿಕೆಟ್ಟು ಬೇಕಿರಲಿಲ್ಲ.

ಇವತ್ತು ಬೆಳಿಗ್ಗೆ ವೇಣುಗೆ ಎಲ್ಲ ಹೇಳಿದೆ. ಅವನು ಸೊಪ್ಪಿನ ಬುಟ್ಟಿ ಅಲ್ಲೇ ಇಟ್ಟು ತೋಟದ ಕಡೆ ಹೋದ. ಮಧ್ಯಾಹ್ನ ಬಂದು ಕೆಲಸಕ್ಕೆ ಕೈ ಹಾಕಿದ್ದಾನೆ, ನನ್ನೊಡನೆ ಮಾತಿಲ್ಲ. ಮಾತಾಡಿಸುವ ಹಕ್ಕು ನನಗಿಲ್ಲ. ಇಂದು ಸಂಜೆ ಉಳಿದವರಿಗೂ ಹೇಳುತ್ತೇನೆ. ನೀನು ವ್ಯಾನು ಹತ್ತಿದರೂ ಹತ್ತದಿದ್ದರೂ ಈ ಕೊನೆಯ ಹಾಳೆಯನ್ನು ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ನನಗೆ "ಸರಿ ಅತ್ತೆ" ಎಂದು ಮಾತ್ರ ಬರೆಯಬೇಡ.

ನೀನು ಹೇಳಿದ್ದೆ ಕಣಮ್ಮ. ನನಗೆ ಕೇಳಿಸಿತ್ತು.